ಪಂಚಾಂಗದಿಂದ ಪೇಟೆಂಟಿನವರೆಗೆ: ದೆಹಲಿಯಲ್ಲಿ ವಿಜ್ಞಾನದ ಇತಿಹಾಸ ಸಾಕ್ಷಿಗೆ ನಿಂತ ಕತೆ

1957ರ ಮಾರ್ಚ್ 22, ಶುಕ್ರವಾರ. ಭಾರತ ಸರ್ಕಾರ ಅಂದಿನಿಂದ ತನ್ನ ರಾಜಪತ್ರದಲ್ಲಿ ಎರಡೆರಡು ತಾರೀಖು ಹಾಕತೊಡಗಿತು. ಒಂದು ಎಲ್ಲರಿಗೂ ಗೊತ್ತಿದ್ದ ಇಂಗ್ಲಿಷ್ ತಾರೀಖು. ಇನ್ನೊಂದು ಶಕ ವರ್ಷ 1879ರ ಚೈತ್ರ 1. ಆಕಾಶವಾಣಿಯ ವಾರ್ತೆಗೂ ಶಕ ದಿನಾಂಕ ಬಂತು. ಹತ್ತು ದಿನ ಕಳೆದು ಏಪ್ರಿಲ್ 1ರ ಸೋಮವಾರ, ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಯ ರೂಪಾಯಿಯಾಯಿತು. ಎರಡೂ ದೆಹಲಿಯಲ್ಲಿ ಆದ ತೀರ್ಮಾನಗಳು. ಎರಡರ ಹಿಂದೆಯೂ ವಿಜ್ಞಾನಿಗಳಿದ್ದರು. ಆದರೆ ಮೊದಲನೆಯದರ ಹಿಂದೆ ಇನ್ನೂ ಒಂದು ವಿದ್ಯೆ ಇತ್ತು. ಸಾವಿರದೈನೂರು ವರ್ಷಗಳಿಂದ ನಮ್ಮವರು ಸೂರ್ಯಚಂದ್ರರನ್ನು ಹೇಗೆ ಲೆಕ್ಕ ಹಾಕುತ್ತ ಬಂದರು, ಆ ಲೆಕ್ಕ ಎಲ್ಲಿ ಸರಿಯಿತ್ತು, ಎಲ್ಲಿ ಜಾರಿತು ಎಂಬುದನ್ನು ಗ್ರಂಥ, ಶಾಸನ, ಆಕಾಶವೀಕ್ಷಣೆಗಳ ಆಧಾರದಿಂದ ಹೇಳುವ ವಿದ್ಯೆ ಅದು.

ವಿಜ್ಞಾನದ ಇತಿಹಾಸವೆಂದರೆ ನಿವೃತ್ತಿಯ ನಂತರ ಮಾಡುವ ಕೆಲಸ ಎಂದು ಅನೇಕ ವಿಜ್ಞಾನಿಗಳೇ ತಿಳಿದಿದ್ದಾರೆ. ಆಡಳಿತಗಾರರು ಅದನ್ನು ಭಾಷಣದ ಪೀಠಿಕೆಗೆ ಬಳಸುತ್ತಾರೆ. ದೆಹಲಿಯ ಕೆಲವು ಸಂಸ್ಥೆಗಳ ಕಡತಗಳು ಬೇರೆಯದೇ ಕತೆ ಹೇಳುತ್ತವೆ. ಈ ಊರಿನಲ್ಲಿ ಹಳೆಯ ಗ್ರಂಥ ಸರ್ಕಾರದ ಮುಂದೆ ಸಾಕ್ಷಿಯಾಗಿ ನಿಂತಿದೆ. ಕಾಲ, ಕರ್ತೃ, ಪುಟ, ಶ್ಲೋಕ ಎಲ್ಲ ಒಪ್ಪಿಸಿ ಪಾಟೀಸವಾಲಿಗೂ ಉತ್ತರ ಕೊಟ್ಟಿದೆ. ಹಾಗೆ ನಿಂತಾಗ ತೀರ್ಮಾನ ಗಟ್ಟಿಯಾಗಿದೆ. ಬರಿಯ ಹೆಮ್ಮೆಯ ಮಾತಿಗೆ ಅಂಥ ಬಲ ಬಂದದ್ದನ್ನು ನಾನು ಕಾಣೆ. ನಮ್ಮ ಈ ಸ್ಮರಣ ಸಂಚಿಕೆಯನ್ನು ಓದುವ ದೆಹಲಿ ಕನ್ನಡಿಗರಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ, ಪ್ರಯೋಗಾಲಯಗಳಲ್ಲಿ ದುಡಿದವರು ಬಹಳ ಮಂದಿ. ಅವರಿಗೆ ಪರಿಚಯವಿರುವ ಕಟ್ಟಡಗಳ ಕತೆಯೇ ಇದು.

ಬಹಾದೂರ್ ಷಾ ಜಫರ್ ಮಾರ್ಗದಲ್ಲಿರುವ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಹುಟ್ಟಿದ್ದು ದೆಹಲಿಯಲ್ಲಲ್ಲ. 1935ರ ಜನವರಿ 7ರಂದು ಕಲ್ಕತ್ತೆಯಲ್ಲಿ, ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಸ್ ಆಫ್ ಇಂಡಿಯಾ ಎಂಬ ಹೆಸರಿನಲ್ಲಿ ಅದು ಶುರುವಾಯಿತು. ಅದರ ಹಿಂದಿನ ಒತ್ತಾಸೆಗಳಲ್ಲಿ ದೊಡ್ಡದು ಮೇಘನಾದ ಸಹಾ ಅವರದು. 1940ರ ದಶಕದ ನಡುವಿನಲ್ಲಿ ಅದು ದೆಹಲಿಗೆ ಬಂತು, 1948ರ ಏಪ್ರಿಲ್‌ನಲ್ಲಿ ಜವಾಹರಲಾಲ್ ನೆಹರೂ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು, 1951ರಲ್ಲಿ ಸಂಸ್ಥೆ ಈಗಿನ ಜಾಗಕ್ಕೆ ಬಂದು ನೆಲೆನಿಂತಿತು. ಈಗಿನ ಹೆಸರು ಬಂದದ್ದು 1970ರಲ್ಲಿ. ಹೊಸ ಕಟ್ಟಡಕ್ಕೆ ಕಾಲಿಡುವ ಮೊದಲೇ, 1950ರ ನವೆಂಬರ್‌ನಲ್ಲಿ, ಯುನೆಸ್ಕೋ ಜೊತೆಗೂಡಿ ದಕ್ಷಿಣ ಏಷ್ಯಾದ ವಿಜ್ಞಾನದ ಇತಿಹಾಸದ ಮೇಲೆ ದೆಹಲಿಯಲ್ಲಿ ಒಂದು ವಿಚಾರಗೋಷ್ಠಿಯನ್ನು ಅದು ನಡೆಸಿತ್ತು. ಗಣರಾಜ್ಯಕ್ಕೆ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ದೇಶವಿಭಜನೆಯ ಗಾಯ ಮಾಗಿರಲಿಲ್ಲ, ಆಹಾರ ಧಾನ್ಯಕ್ಕೆ ಕೊರತೆ. ಅಂಥ ಹೊತ್ತಿನಲ್ಲಿ ಹಳೆಯ ಗಣಿತ, ವೈದ್ಯ, ಲೋಹವಿದ್ಯೆಗಳ ಬಗ್ಗೆ ಕೂತು ಚರ್ಚಿಸಲು ವಿಜ್ಞಾನಿಗಳು ಬಿಡುವು ಮಾಡಿಕೊಂಡರು ಎನ್ನುವುದು ನನಗೆ ಇಂದಿಗೂ ಗೌರವ ಹುಟ್ಟಿಸುವ ಸಂಗತಿ.

ಎರಡು ವರ್ಷದೊಳಗೆ ಆ ವಿದ್ಯೆಗೆ ಸರ್ಕಾರಿ ಕೆಲಸ ಬಂತು. 1952ರ ನವೆಂಬರ್‌ನಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಅಂದರೆ ಸಿಎಸ್‌ಐಆರ್, ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ಅಧ್ಯಕ್ಷರು ಮೇಘನಾದ ಸಹಾ. ನಕ್ಷತ್ರಗಳ ಬೆಳಕಿನಿಂದ ಅವುಗಳ ಉಷ್ಣತೆಯನ್ನು ತಿಳಿಯುವ ದಾರಿಯನ್ನು 1920ರಲ್ಲಿ ಸಮೀಕರಣವಾಗಿ ಕೊಟ್ಟವರು. ಅದೇ 1952ರಲ್ಲಿ ಅವರು ಕಲ್ಕತ್ತೆಯಿಂದ ಪಕ್ಷೇತರರಾಗಿ ಗೆದ್ದು ಲೋಕಸಭೆಗೂ ಬಂದಿದ್ದರು. ಸಮಿತಿಯಲ್ಲಿ ಅಲಹಾಬಾದಿನ ಗಣಿತಜ್ಞರಾದ ಎ.ಸಿ. ಬ್ಯಾನರ್ಜಿ ಮತ್ತು ಗೋರಖ್ ಪ್ರಸಾದ್, ನಾಗಪುರದ ಕೆ.ಎಲ್. ದಫ್ತರಿ, ಪುಣೆಯ ಜೆ.ಎಸ್. ಕರಂದೀಕರ್, ಉಜ್ಜಯಿನಿಯ ಆರ್.ವಿ. ವೈದ್ಯ ಇದ್ದರು. ಕಾರ್ಯದರ್ಶಿಯಾಗಿ ದುಡಿದವರು ಕಲ್ಕತ್ತೆಯ ಎನ್.ಸಿ. ಲಾಹಿರಿ. ಭೌತವಿಜ್ಞಾನಿಗಳು ಮತ್ತು ಪಂಚಾಂಗ ಬಲ್ಲವರು ಒಂದೇ ಮೇಜಿನ ಸುತ್ತ ಕೂತದ್ದು ಈ ಸಮಿತಿಯ ದೊಡ್ಡ ಗುಣ.

1953ರ ಫೆಬ್ರುವರಿಯಲ್ಲಿ ನೆಹರೂ ಸಮಿತಿಗೆ ಒಂದು ಸಂದೇಶ ಕಳಿಸಿದರು. ದೇಶದಲ್ಲಿ ಮೂವತ್ತು ಬಗೆಯ ಪಂಚಾಂಗಗಳಿವೆಯೆಂದು ತಿಳಿದುಬಂದಿದೆ, ಅವು ನಮ್ಮ ಹಿಂದಿನ ರಾಜಕೀಯ ಒಡಕುಗಳ ಗುರುತು, ಸ್ವತಂತ್ರ ದೇಶಕ್ಕೆ ನಾಗರಿಕ ವ್ಯವಹಾರದಲ್ಲಿ ಒಂದು ಸಮಾನ ಲೆಕ್ಕ ಬೇಕು ಎಂಬುದು ಅದರ ಸಾರ. ಕನ್ನಡ ನಾಡಿನವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಬಯಲುಸೀಮೆಯಲ್ಲಿ ಚಾಂದ್ರಮಾನ ಯುಗಾದಿ. ತುಳುನಾಡಿನಲ್ಲಿ, ಕಾಸರಗೋಡಿನಲ್ಲಿ ಏಪ್ರಿಲ್ ನಡುವಿನ ಸೌರ ವಿಷು. ಒಂದು ಮಠದ ಪಂಚಾಂಗದಲ್ಲಿ ಏಕಾದಶಿ ಇಂದು, ಇನ್ನೊಂದರಲ್ಲಿ ನಾಳೆ. ಒಬ್ಬರದು ಆಕಾಶಕ್ಕೆ ಹೊಂದಿಸಿದ ದೃಗ್ಗಣಿತ, ಇನ್ನೊಬ್ಬರದು ಹಳೆಯ ಗ್ರಂಥವಾದ ಸೂರ್ಯಸಿದ್ಧಾಂತದ ಲೆಕ್ಕ. ಒಂದೇ ಕೇರಿಯ ಎರಡು ಮನೆಗಳಲ್ಲಿ ಹಬ್ಬ ಬೇರೆ ಬೇರೆ ದಿನ ನಡೆಯುವುದು ನಮಗೆ ಹೊಸತಲ್ಲ.

ಸಮಿತಿ ಈ ಗೊಂದಲಕ್ಕೆ ಅಪ್ಪಣೆಯಿಂದ ಪರಿಹಾರ ಹುಡುಕಲಿಲ್ಲ, ಕಾರಣ ಹುಡುಕಿತು. 1955ರಲ್ಲಿ ಹೊರಬಂದ ವರದಿಯಲ್ಲಿ ಶಿಫಾರಸುಗಳ ಜೊತೆಗೆ ಸಹಾ ಮತ್ತು ಲಾಹಿರಿ ಬರೆದ ಒಂದು ದೊಡ್ಡ ಭಾಗವಿದೆ. ನಾನಾ ದೇಶಗಳಲ್ಲಿ ನಾನಾ ಕಾಲಗಳಲ್ಲಿ ಕಾಲಗಣನೆ ಬೆಳೆದ ಚರಿತ್ರೆ ಅದು: ಈಜಿಪ್ಟ್, ಬ್ಯಾಬಿಲೋನ್, ಗ್ರೀಸ್, ವೇದಾಂಗ ಜ್ಯೋತಿಷ, ಸಿದ್ಧಾಂತಗಳ ಯುಗ. ಸರ್ಕಾರಿ ಸಮಿತಿಯೊಂದರ ವರದಿ ವಿಜ್ಞಾನೇತಿಹಾಸದ ಗ್ರಂಥವಾಗಿಯೂ ನಿಲ್ಲುವುದು ಅಪರೂಪ.

ಆ ಚರಿತ್ರೆಯಿಂದ ದೊರೆತ ಮುಖ್ಯ ಫಲ ಇಷ್ಟು. ಸೂರ್ಯಸಿದ್ಧಾಂತದ ವರ್ಷಮಾನ 365.258756 ದಿನ. ಋತುಗಳನ್ನು ನಡೆಸುವ ಸಾಯನ ವರ್ಷ ಸುಮಾರು 365.2422 ದಿನ. ವ್ಯತ್ಯಾಸ ಇಪ್ಪತ್ತನಾಲ್ಕು ನಿಮಿಷಕ್ಕೂ ಕಡಿಮೆ. ಆದರೆ ಅರವತ್ತು ವರ್ಷಕ್ಕೆ ಅದು ಒಂದು ದಿನವಾಗುತ್ತದೆ, ಸಾವಿರದ ನಾನೂರು ವರ್ಷಕ್ಕೆ ಇಪ್ಪತ್ತಮೂರು ದಿನ. ಸಿದ್ಧಾಂತಕಾರರ ಕಾಲದಲ್ಲಿ ಹಗಲು ರಾತ್ರಿ ಸಮನಾಗುವ ವಿಷುವದ ದಿನದ ಹತ್ತಿರವೇ ಇದ್ದ ಮೇಷ ಸಂಕ್ರಮಣ ಈಗ ಏಪ್ರಿಲ್ 13-14ಕ್ಕೆ ಸರಿದಿರುವುದು ಹೀಗೆ. ಉತ್ತರಾಯಣ ನಿಜವಾಗಿ ಶುರುವಾಗುವುದು ಡಿಸೆಂಬರ್ 22ರ ಸುಮಾರಿಗೆ. ನಾವು ಎಳ್ಳು ಬೀರಿ ಉತ್ತರಾಯಣದ ಪುಣ್ಯಕಾಲ ಆಚರಿಸುವುದು ಜನವರಿ ನಡುವಿನಲ್ಲಿ. ಹೀಗೇ ಬಿಟ್ಟರೆ ವಸಂತದ ಹಬ್ಬಗಳು ನಿಧಾನವಾಗಿ ಬೇಸಿಗೆಯೊಳಕ್ಕೆ ನಡೆದುಹೋಗುತ್ತವೆ. ಪೂರ್ವಿಕರು ದಡ್ಡರೆಂದು ಸಮಿತಿ ಹೇಳಲಿಲ್ಲ. ತಮ್ಮ ಕಾಲದ ಸಾಧನಗಳಿಂದ ಅವರು ಅಷ್ಟು ಹತ್ತಿರ ಬಂದಿದ್ದರು. ನಂತರದವರು ಆಕಾಶ ನೋಡಿ ತಿದ್ದುವುದನ್ನು ಬಿಟ್ಟದ್ದರಿಂದ ಲೆಕ್ಕ ಜಾರಿತು.

ಆಕಾಶ ನೋಡಿ ತಿದ್ದುವ ಕೆಲಸ ದೆಹಲಿಯಲ್ಲಿ ಹಿಂದೊಮ್ಮೆ ನಡೆದಿತ್ತು. ಸಂಸತ್ ಮಾರ್ಗದ ಜಂತರ್ ಮಂತರನ್ನು ಸವಾಯಿ ಜಯಸಿಂಹ 1724ರಲ್ಲಿ ಕಟ್ಟಿಸಿದ್ದು ಇದೇ ಕಾರಣಕ್ಕೆ. ಆಗ ಬಳಕೆಯಲ್ಲಿದ್ದ ಗ್ರಹಕೋಷ್ಟಕಗಳು ಆಕಾಶಕ್ಕೆ ಹೊಂದುತ್ತಿರಲಿಲ್ಲ. ಆತ ದೆಹಲಿ, ಜೈಪುರ, ಉಜ್ಜಯಿನಿ, ಕಾಶಿ, ಮಥುರೆಗಳಲ್ಲಿ ವೇಧಶಾಲೆ ಕಟ್ಟಿಸಿ, ಹೊಸ ಕೋಷ್ಟಕಗಳನ್ನು ಮೊಗಲ್ ಬಾದಷಹ ಮುಹಮ್ಮದ್ ಷಾನ ಹೆಸರಿನಲ್ಲಿ ಸಿದ್ಧಪಡಿಸಿದ. ಹಿಂದೂ ರಾಜ, ಮುಸ್ಲಿಂ ಬಾದಷಹ, ಸಮರ್ಕಂದದ ಉಲೂಗ್ ಬೇಗನ ಮಾದರಿ, ಯೂರೋಪಿನ ಕೋಷ್ಟಕಗಳ ಜೊತೆ ಹೋಲಿಕೆ. ಇಂದು ಅಲ್ಲಿ ಧರಣಿ ಕೂರುವವರು, ಫೋಟೋ ತೆಗೆಯುವವರು ಆ ಕಲ್ಲುಗಳು ಒಂದು ಆಡಳಿತ ಸುಧಾರಣೆಯ ಉಪಕರಣಗಳೆಂದು ತಿಳಿದರೆ ಚೆನ್ನ.

ಯಾವ ಶಕವನ್ನು ಹಿಡಿಯಬೇಕೆಂಬುದು ಮುಂದಿನ ಪ್ರಶ್ನೆ. ವಿಕ್ರಮ ಸಂವತ್ಸರ, ಕಲಿಯುಗ, ಬಂಗಾಳಿ ಸನ್, ಕೊಲ್ಲಂ ಎಲ್ಲಕ್ಕೂ ತಮ್ಮ ತಮ್ಮ ಸೀಮೆಗಳಿದ್ದವು. ಸಮಿತಿ ಶಕವರ್ಷವನ್ನು ಆರಿಸಿತು. ಖಗೋಳಜ್ಞರು ತಮ್ಮ ಗಣಿತಕ್ಕೆ ಬಳಸುತ್ತ ಬಂದದ್ದು ಅದನ್ನೇ. ವರಾಹಮಿಹಿರನ ಪಂಚಸಿದ್ಧಾಂತಿಕಾದ ಲೆಕ್ಕ ಶುರುವಾಗುವುದು ಶಕ 427ರಿಂದ. ಇಲ್ಲಿ ಕನ್ನಡ ನಾಡಿನ ಬಂಡೆಗಳ ಸಾಕ್ಷ್ಯವೂ ಸೇರುತ್ತದೆ. ಶಕವರ್ಷವೆಂದು ಹೆಸರಿಸಿ ಕಾಲ ಹೇಳುವ ಶಾಸನಗಳಲ್ಲಿ ಅತಿ ಹಳೆಯವುಗಳ ಸಾಲಿನಲ್ಲಿರುವುದು ಬಾದಾಮಿಯ ಬಂಡೆಯ ಮೇಲಿನ ಒಂದನೇ ಪುಲಕೇಶಿಯ ಶಾಸನ. ಕಾಲ ಶಕ 465, ಅಂದರೆ ಕ್ರಿ.ಶ. 543. ಐಹೊಳೆಯ ಮೇಗುಟಿಯ ಶಾಸನದಲ್ಲಿ ಕವಿ ರವಿಕೀರ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಭಾರತ ಯುದ್ಧದಿಂದ 3735 ವರ್ಷ, ಶಕರ ಕಾಲದಿಂದ 556 ವರ್ಷ ಎಂದು ಎರಡು ಲೆಕ್ಕಗಳನ್ನು ಒಟ್ಟಿಗೆ ಕೊಟ್ಟಿದ್ದಾನೆ. ಎರಡೂ ಕ್ರಿ.ಶ. 634ಕ್ಕೆ ಬಂದು ಕೂಡುತ್ತವೆ. ಕಾಲಗಣನೆಯ ಚರಿತ್ರೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ನಾವು ಸಂಕಲ್ಪದಲ್ಲಿ ಇಂದಿಗೂ ಶಾಲಿವಾಹನ ಶಕೆ ಎನ್ನುತ್ತೇವೆ. ದೆಹಲಿ ಸರ್ಕಾರ ಆರಿಸಿಕೊಂಡ ಶಕ ನಮ್ಮ ಮನೆಯ ಪೂಜೆಯ ಕೋಣೆಯಲ್ಲಿ ಮೊದಲೇ ಇತ್ತು.

ಹೀಗೆ ರೂಪುಗೊಂಡ ಕ್ಯಾಲೆಂಡರ್ ಸರಳವಾಗಿತ್ತು. ವಿಷುವದ ಮರುದಿನ ವರ್ಷಾರಂಭ: ಸಾಮಾನ್ಯ ವರ್ಷದಲ್ಲಿ ಮಾರ್ಚ್ 22, ಅಧಿಕ ವರ್ಷದಲ್ಲಿ 21. ಚೈತ್ರಕ್ಕೆ 30 ದಿನ, ಅಧಿಕ ವರ್ಷದಲ್ಲಿ 31. ವೈಶಾಖದಿಂದ ಭಾದ್ರಪದದವರೆಗೆ ಐದು ತಿಂಗಳಿಗೆ 31, ಉಳಿದ ಆರಕ್ಕೆ 30. ಬೇಸಿಗೆಯ ಕಡೆ ಸೂರ್ಯ ನಿಧಾನವಾಗಿ ಚಲಿಸಿದಂತೆ ಕಾಣುವುದರಿಂದ ಆ ತಿಂಗಳುಗಳಿಗೆ ಒಂದು ದಿನ ಹೆಚ್ಚು. ಗ್ರಹಸ್ಥಿತಿಯ ಲೆಕ್ಕಕ್ಕೆ ಮಧ್ಯಬಿಂದುವಾಗಿ ಹಿಡಿದದ್ದು ನಮ್ಮ ಗಡಿಯಾರದ ಸಮಯಕ್ಕೆ ಆಧಾರವಾದ 82 ಅಂಶ 30 ಕಲೆ ಪೂರ್ವ ರೇಖಾಂಶ ಮತ್ತು ಹಳೆಯ ಖಗೋಳಜ್ಞರ ಊರಾದ ಉಜ್ಜಯಿನಿಯ ಅಕ್ಷಾಂಶ. ಹಳತು ಹೊಸತುಗಳ ಇಂಥ ಗಂಟು ಹಾಕಲು ಎರಡನ್ನೂ ಬಲ್ಲವರೇ ಬೇಕು.

ಸಹಾ ಇದನ್ನು ನೋಡಲು ಉಳಿಯಲಿಲ್ಲ. 1956ರ ಫೆಬ್ರುವರಿ 16ರಂದು ದೆಹಲಿಯಲ್ಲಿ, ರಾಷ್ಟ್ರಪತಿ ಭವನದಲ್ಲಿದ್ದ ಯೋಜನಾ ಆಯೋಗದ ಕಚೇರಿಗೆ ಹೋಗುವ ದಾರಿಯಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ಎಲ್ಲವೂ ವೇದದಲ್ಲೇ ಇದೆ ಎನ್ನುವವರ ವಿರುದ್ಧ ಬಂಗಾಳಿಯಲ್ಲಿ ಖಡಾಖಂಡಿತವಾಗಿ ಬರೆದ ಮನುಷ್ಯ, ತನ್ನ ಕೊನೆಯ ವರ್ಷಗಳನ್ನು ವೇದಾಂಗ ಜ್ಯೋತಿಷವನ್ನೂ ಸಿದ್ಧಾಂತಗಳನ್ನೂ ಸಾಲು ಸಾಲಾಗಿ ಓದುವುದಕ್ಕೆ ಕೊಟ್ಟರು. ಹಳೆಯದರ ಮೇಲಿನ ನಿಜವಾದ ಗೌರವ ಇದೇ ಎಂದು ನನ್ನ ನಂಬಿಕೆ: ಏನಿದೆಯೋ ಅದನ್ನು ಪೂರ್ತಿ ಓದುವುದು, ಇಲ್ಲದ್ದನ್ನು ಇದೆಯೆನ್ನದಿರುವುದು.

ಈ ಕ್ಯಾಲೆಂಡರ್ ಜನರ ಬಾಯಿಗೆ ಬಂತೇ? ಬರಲಿಲ್ಲ. ಸಂಬಳ ಇಂಗ್ಲಿಷ್ ತಿಂಗಳ ಕೊನೆಗೆ, ಬಜೆಟ್ ವರ್ಷ ಏಪ್ರಿಲ್ 1ರಿಂದ, ರೈಲಿನ ಟಿಕೇಟು, ಶಾಲೆಯ ಹಾಜರಿ, ಕೋರ್ಟಿನ ವಾಯಿದೆ ಎಲ್ಲವೂ ಹಳೆಯ ತಾರೀಖಿನಲ್ಲೇ ನಡೆದವು. ಸರ್ಕಾರ ತನ್ನ ದುಡ್ಡಿನ ಲೆಕ್ಕವನ್ನೇ ಹೊಸ ಕ್ಯಾಲೆಂಡರಿಗೆ ತಿರುಗಿಸದಿದ್ದಾಗ ಪ್ರಜೆ ಯಾಕೆ ತಿರುಗಿಸಿಯಾನು? ಹತ್ತು ದಿನದ ನಂತರ ಬಂದ ನಯಾ ಪೈಸೆಯನ್ನು ನೋಡಿ. ಅಲ್ಲಿ ಯಾರಿಗೂ ಆಯ್ಕೆ ಇರಲಿಲ್ಲ. ತರಕಾರಿ ಕೊಳ್ಳುವಾಗ, ಬಸ್ಸಿನ ಚೀಟಿ ಪಡೆಯುವಾಗ, ಅಂಚೆ ಕಾರ್ಡು ಬರೆಯುವಾಗ ಅದನ್ನು ಎಣಿಸಲೇಬೇಕಿತ್ತು. ಒಂದಾಣೆಗೆ ಆರೂಕಾಲು ಪೈಸೆ ಎಂಬ ತೊಡಕಿನ ಲೆಕ್ಕವನ್ನೂ ಜನ ಕಲಿತರು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೇಲೆ 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಹಂತ ಹಂತವಾಗಿ ಬಂತು. ಸೇರು, ಪಾವು, ಮಣಗಳು ಕೆಲವೇ ವರ್ಷಗಳಲ್ಲಿ ಕಾನೂನಿನಿಂದ ಹೊರಗೆ ಹೋದವು. ಆ ಕಿಲೋಗ್ರಾಂನ ರಾಷ್ಟ್ರೀಯ ಮೂಲಪ್ರತಿ, ಸಂಖ್ಯೆ 57, ಇರುವುದು ಪೂಸಾದ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. ಕೆ.ಎಸ್. ಕೃಷ್ಣನ್ ಮೊದಲ ನಿರ್ದೇಶಕರಾಗಿದ್ದ ಸಂಸ್ಥೆ ಅದು.

ಆದರೂ ಕ್ಯಾಲೆಂಡರ್ ಸೋತಿತೆಂದು ಷರಾ ಬರೆದು ಕಡತ ಮುಚ್ಚುವುದು ತಪ್ಪು. ಸಂಸತ್ತಿನ ಕಾಯಿದೆಗಳು ಇಂದಿಗೂ ಎರಡು ದಿನಾಂಕ ಹೊತ್ತೇ ಬರುತ್ತವೆ. ಹಿಂದಿಯಲ್ಲಿ ಬರೆದು ಶಕ ದಿನಾಂಕ ಹಾಕಿದ ಚೆಕ್ ಸಿಂಧುವೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿದೆ. ಇವಕ್ಕಿಂತ ದೊಡ್ಡ ಪರಿಣಾಮ ಇನ್ನೊಂದು. ಸಮಿತಿ ಧಾರ್ಮಿಕ ಆಚರಣೆಗಳಿಗೆ ಸಾಯನ ಕ್ರಮವನ್ನು ಹೇರಲಿಲ್ಲ. ಚಿತ್ರಾ ನಕ್ಷತ್ರದ ಎದುರಿನ ಬಿಂದುವನ್ನು ಆಧಾರವಾಗಿಟ್ಟು, 1956ರ ಮಾರ್ಚ್ 21ಕ್ಕೆ ಅಯನಾಂಶ, ಅಂದರೆ ವಿಷುವ ಬಿಂದುವಿನಿಂದ ಆ ಬಿಂದುವಿಗಿರುವ ಅಂತರ, 23 ಅಂಶ 15 ಕಲೆ ಎಂದು ಗೊತ್ತುಮಾಡಿತು. ಲಾಹಿರಿಯವರ ಹೆಸರಿನಲ್ಲಿ ಪ್ರಸಿದ್ಧವಾದ ಆ ಅಯನಾಂಶವೇ ಇಂದಿನ ಬಹುಪಾಲು ದೃಗ್ಗಣಿತ ಪಂಚಾಂಗಗಳಲ್ಲಿ, ಮೊಬೈಲಿನ ಪಂಚಾಂಗಗಳಲ್ಲಿ ಇರುವುದು. 1957ರಿಂದ ಪ್ರಕಟವಾಗುತ್ತ ಬಂದ ರಾಷ್ಟ್ರೀಯ ಪಂಚಾಂಗ ಕನ್ನಡದಲ್ಲೂ ಬರುತ್ತದೆ. ಹಬ್ಬದ ರಜೆಗಳ ದಿನ ಗೊತ್ತುಮಾಡಲು ಸರ್ಕಾರಗಳಿಗೆ ಖಗೋಳ ಮಾಹಿತಿ ಒದಗಿಸುವುದು ಹವಾಮಾನ ಇಲಾಖೆಯ ಕೊಲ್ಕತ್ತಾದ ಖಗೋಳ ಕೇಂದ್ರ. ಸಹಾ ಸಮಿತಿಯ ಹೆಸರು ಕೇಳದ ಗುಮಾಸ್ತನೂ ಜನವರಿಯಲ್ಲಿ ರಜಾಪಟ್ಟಿ ನೋಡುವಾಗ ಆ ಸಮಿತಿಯ ಕೆಲಸದ ಫಲವನ್ನೇ ನೋಡುತ್ತಿರುತ್ತಾನೆ.

ಒಬ್ಬ ದೊಡ್ಡ ವಿಜ್ಞಾನಿಯ ಹುಮ್ಮಸ್ಸಿನಿಂದ ನಡೆದದ್ದು ಸಂಸ್ಥೆಯ ಕಾರ್ಯಕ್ರಮವಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. 1965ರಲ್ಲಿ ಭಾರತದ ವಿಜ್ಞಾನಗಳ ಇತಿಹಾಸ ಸಂಕಲನಕ್ಕಾಗಿ ಒಂದು ರಾಷ್ಟ್ರೀಯ ಆಯೋಗ ರಚನೆಯಾಯಿತು. 1966ರಲ್ಲಿ ಇಂಡಿಯನ್ ಜರ್ನಲ್ ಆಫ್ ಹಿಸ್ಟರಿ ಆಫ್ ಸೈನ್ಸ್ ಹೊರಬಂತು, ಇಂದಿಗೂ ಬರುತ್ತಿದೆ. ಈ ಘಟ್ಟದಲ್ಲಿ ಅಕಾಡೆಮಿಯಲ್ಲಿ ದುಡಿದ ಕನ್ನಡಿಗರೊಬ್ಬರನ್ನು ಈ ಸಂಚಿಕೆ ನೆನೆಯಲೇಬೇಕು: ಬಿ.ವಿ. ಸುಬ್ಬರಾಯಪ್ಪ. ಅಕಾಡೆಮಿಯ ಕಾರ್ಯನಿರ್ವಾಹಕ ಕಾರ್ಯದರ್ಶಿಯಾಗಿ ಆಡಳಿತವನ್ನೂ ನೋಡಿಕೊಂಡು, ಡಿ.ಎಂ. ಬೋಸ್ ಮತ್ತು ಎಸ್.ಎನ್. ಸೇನ್ ಅವರೊಡನೆ 1971ರಲ್ಲಿ ಭಾರತೀಯ ವಿಜ್ಞಾನದ ಸಂಕ್ಷಿಪ್ತ ಇತಿಹಾಸವನ್ನು ಸಂಪಾದಿಸಿದರು. ಸಂಕ್ಷಿಪ್ತವೆಂದು ಹೆಸರು, ಗ್ರಂಥ ದೊಡ್ಡದು. ಗಣಿತ, ಖಗೋಳ, ವೈದ್ಯ, ರಸಶಾಸ್ತ್ರ, ಕೃಷಿ ಎಲ್ಲಕ್ಕೂ ಮೂಲಾಧಾರ ಕೊಟ್ಟು ಬರೆದದ್ದು. ಮೀರಾ ರಾಯ್ ಅವರೊಡನೆ ರಸಾರ್ಣವಕಲ್ಪವನ್ನು, ಕೆ.ವಿ. ಶರ್ಮರೊಡನೆ ಭಾರತೀಯ ಖಗೋಳದ ಆಕರಗ್ರಂಥವನ್ನು ತಂದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇತಿಹಾಸವನ್ನೂ ಬರೆದರು. ಆಡಳಿತದ ಕುರ್ಚಿಯಲ್ಲಿ ಕೂತು ಇಷ್ಟು ಓದಿ ಬರೆದವರು ಎಷ್ಟು ಮಂದಿ ಸಿಕ್ಕಾರು?

1975ರ ಏಪ್ರಿಲ್ 19ರಂದು ಉಡುಪಿ ಸೀಮೆಯ ಯು.ಆರ್. ರಾವ್ ಅವರ ಮುಂದಾಳ್ತನದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ದೇಶದ ಮೊದಲ ಉಪಗ್ರಹ ಆಕಾಶಕ್ಕೇರಿತು. ಅದಕ್ಕೆ ಆರ್ಯಭಟನ ಹೆಸರು. ಮರುವರ್ಷ ಆರ್ಯಭಟನ 1500ನೇ ಜಯಂತಿಗೆ ಅಕಾಡೆಮಿ ಆರ್ಯಭಟೀಯದ ವಿಮರ್ಶಾತ್ಮಕ ಆವೃತ್ತಿಯನ್ನು ಹೊರತಂದಿತು. ಹೆಸರಿಡುವುದು ಒಂದು ದಿನದ ಕೆಲಸ. ಹಸ್ತಪ್ರತಿಗಳನ್ನು ಹೋಲಿಸಿ, ಪಾಠಾಂತರ ಗುರುತಿಸಿ, ಅನುವಾದಿಸಿ ಅಚ್ಚು ಹಾಕುವುದಕ್ಕೆ ವರ್ಷಗಳೇ ಬೇಕು. ಎರಡೂ ಆದ ಆ ಕಾಲವನ್ನು ನಾನು ಅಕಾಡೆಮಿಯ ಒಳ್ಳೆಯ ಕಾಲವೆನ್ನುತ್ತೇನೆ.

1980ರಲ್ಲಿ ಸಿಎಸ್‌ಐಆರ್ ಪೂಸಾದಲ್ಲಿ ವಿಜ್ಞಾನ, ತಂತ್ರಜ್ಞಾನ ಮತ್ತು ಅಭಿವೃದ್ಧಿ ಅಧ್ಯಯನಗಳ ರಾಷ್ಟ್ರೀಯ ಸಂಸ್ಥೆಯನ್ನು, ಎಲ್ಲರ ಬಾಯಲ್ಲಿ ನಿಸ್ಟಾಡ್ಸ್ ಆದದ್ದನ್ನು, ಆರಂಭಿಸಿತು. ಅದನ್ನು ಕಟ್ಟಿದ ಎ. ರಹಮಾನ್ ವಿಜ್ಞಾನ ನೀತಿಯನ್ನೂ ವಿಜ್ಞಾನದ ಇತಿಹಾಸವನ್ನೂ ಒಂದೇ ಕೈಯಲ್ಲಿ ಬರೆದವರು. ಮಧ್ಯಯುಗದ ಭಾರತದ ವಿಜ್ಞಾನ ತಂತ್ರಜ್ಞಾನಗಳ ಬಗ್ಗೆ ಸಂಸ್ಕೃತ, ಅರಬ್ಬಿ, ಪಾರ್ಸಿ ಆಕರಗಳ ದೊಡ್ಡ ಸೂಚಿಯನ್ನು ಅವರ ತಂಡ ಸಿದ್ಧಪಡಿಸಿತು. ಅಕಾಡೆಮಿ 1982ರಲ್ಲಿ ಅದನ್ನು ಪ್ರಕಟಿಸಿತು. 1958ರ ಮಾರ್ಚ್ 4ರ ವಿಜ್ಞಾನ ನೀತಿ ನಿರ್ಣಯಕ್ಕೂ ಮೊದಲಿನಿಂದ ದೇಶ ಪ್ರಯೋಗಾಲಯಗಳಿಗೆ ಹಣ ಹಾಕುತ್ತ ಬಂದಿತ್ತು. ಆ ಹಣ ಎಲ್ಲಿ ಫಲ ಕೊಟ್ಟಿತು, ಎಲ್ಲಿ ಇಲ್ಲ ಎಂದು ಕೇಳಲು ಒಂದು ಸಂಸ್ಥೆ ಬೇಕೇ ಬೇಕಿತ್ತು.

ಸಾಕ್ಷ್ಯದ ಕೆಲಸದ ಎರಡನೆಯ ದೊಡ್ಡ ಅಧ್ಯಾಯ ಅಡುಗೆಮನೆಯ ಅರಿಶಿನದಿಂದ ತೆರೆಯಿತು. 1995ರ ಮಾರ್ಚ್‌ನಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನದ ಮೇಲೆ 5401504 ಸಂಖ್ಯೆಯ ಪೇಟೆಂಟ್ ಕೊಟ್ಟಿತು. ಕೈ ಕೊಯ್ದುಕೊಂಡ ಮಗುವಿಗೆ ಅಜ್ಜಿ ಅರಿಶಿನ ಒತ್ತಿದ್ದನ್ನು ನೋಡದ ಮನೆ ನಮ್ಮಲ್ಲಿಲ್ಲ. ಆದರೆ ಆಗಿನ ಅಮೆರಿಕದ ಕಾನೂನಿನಲ್ಲಿ ಹೊರದೇಶದ ಬಳಕೆ, ಅದು ಎಷ್ಟೇ ಹಳೆಯದಿರಲಿ, ಸಾಕ್ಷ್ಯವಾಗುತ್ತಿರಲಿಲ್ಲ. ಅಚ್ಚಾದ ಬರಹ ಬೇಕಿತ್ತು. ಅಜ್ಜಿಯ ಮಾತು ಕೋರ್ಟಿಗೆ ಹೋಗಬೇಕಾದರೆ ಗ್ರಂಥದ ರೂಪದಲ್ಲಿ ಹೋಗಬೇಕು.

ರಫಿ ಮಾರ್ಗದ ಸಿಎಸ್‌ಐಆರ್ ಅದನ್ನೇ ಮಾಡಿತು. ಆಗ ಆರ್.ಎ. ಮಾಶೇಲ್ಕರ್ ಮಹಾನಿರ್ದೇಶಕರು. 1996ರಲ್ಲಿ ಮರುಪರಿಶೀಲನೆಗೆ ಅರ್ಜಿ ಹಾಕಿ 32 ಆಧಾರಗಳನ್ನು ಒಪ್ಪಿಸಲಾಯಿತು. ಅವುಗಳಲ್ಲಿ ಹಳೆಯ ಸಂಸ್ಕೃತ ಗ್ರಂಥಗಳೂ ಇದ್ದವು, 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪ್ರಬಂಧವೂ ಇತ್ತು. 1997ರ ಆಗಸ್ಟ್‌ನಲ್ಲಿ ಪೇಟೆಂಟ್ ಕಚೇರಿ ಎಲ್ಲ ಹಕ್ಕೊತ್ತಾಯಗಳನ್ನೂ ತಳ್ಳಿಹಾಕಿತು. ಭಾರತ ಗೆದ್ದಿತೆಂಬ ಸುದ್ದಿ ಎಲ್ಲೆಡೆ ಬಂತು. ಗೆದ್ದದ್ದು ಹೇಗೆಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ: ಯಾವ ಪುಸ್ತಕ, ಯಾವ ವರ್ಷ, ಯಾವ ಪುಟ ಎಂದು ಕೂತು ಹುಡುಕಿದವರಿಂದ. ಬೇವಿನ ವಿಷಯದಲ್ಲಿ ಯೂರೋಪಿನ ಪೇಟೆಂಟ್ ಕಚೇರಿಯ ಮುಂದೆ ವಂದನಾ ಶಿವ ಮತ್ತಿತರರು ನಡೆಸಿದ ಹೋರಾಟ 1995ರಲ್ಲಿ ಶುರುವಾಗಿ ಕೊನೆಯ ತೀರ್ಪು ಬರುವ ಹೊತ್ತಿಗೆ 2005 ಆಗಿತ್ತು. ಒಂದೊಂದು ಗಿಡಕ್ಕೂ ಹತ್ತು ವರ್ಷ ಹೀಗೆ ಓಡಾಡುವುದು ಸಾಧ್ಯವೇ?

ಈ ಪ್ರಶ್ನೆಯಿಂದ ಹುಟ್ಟಿದ್ದು 2001ರಲ್ಲಿ ಕೈಗೆತ್ತಿಕೊಂಡ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ. ವಿ.ಕೆ. ಗುಪ್ತ ಅವರ ನೇತೃತ್ವದಲ್ಲಿ ವೈದ್ಯರು, ಪೇಟೆಂಟ್ ಪರೀಕ್ಷಕರು, ಗಣಕತಜ್ಞರು ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ಔಷಧ ಯೋಗಗಳನ್ನು ಒಂದೊಂದಾಗಿ ಬಿಡಿಸಿ ಬರೆದರು. ಯಾವ ಗಿಡ, ಯಾವ ಭಾಗ, ಎಷ್ಟು ಪ್ರಮಾಣ, ಯಾವ ರೋಗ, ಯಾವ ಗ್ರಂಥ. ಅದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಪರೀಕ್ಷಕನ ಪರದೆಯ ಮೇಲೆ ಮೂಡಬೇಕು. ಈಗ ಅದರಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿದ ಯೋಗಗಳಿವೆ. ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದಲ್ಲಿ ಮೊದಲು ಸಸ್ಯೌಷಧಗಳೆಲ್ಲ ಒಂದೇ ಉಪವರ್ಗದಲ್ಲಿ ತುಂಬಿಕೊಂಡಿದ್ದವು. 2006ರ ಪರಿಷ್ಕರಣೆಯಲ್ಲಿ ಅವಕ್ಕೆ ಸುಮಾರು 200 ಉಪವರ್ಗಗಳು ಸಿಕ್ಕಿದ್ದರಲ್ಲಿ ದೆಹಲಿಯ ಈ ಕೆಲಸದ ಪಾಲು ದೊಡ್ಡದು. 2009ರ ಫೆಬ್ರುವರಿಯಲ್ಲಿ ಯೂರೋಪಿನ ಪೇಟೆಂಟ್ ಕಚೇರಿಯೊಡನೆ ಒಪ್ಪಂದವಾಯಿತು, ಬೇರೆ ದೇಶಗಳ ಕಚೇರಿಗಳೂ ಸೇರಿದವು. ಇತ್ತ ನಮ್ಮ ಪೇಟೆಂಟ್ ಕಾಯಿದೆಗೆ 2002ರ ತಿದ್ದುಪಡಿ ಸೇರಿಸಿದ ಉಪಬಂಧದ ಪ್ರಕಾರ ಸಾಂಪ್ರದಾಯಿಕ ಜ್ಞಾನವನ್ನು ಹೊಸ ಆವಿಷ್ಕಾರವೆಂದು ತೋರಿಸುವಂತಿಲ್ಲ. ಅದೇ ವರ್ಷ ಜೀವವೈವಿಧ್ಯ ಕಾಯಿದೆಯೂ ಬಂತು.

ಒಂದು ಆಕ್ಷೇಪವನ್ನೂ ಇಲ್ಲೇ ಹೇಳಬೇಕು. ಈ ಗ್ರಂಥಾಲಯ ಬಹುಕಾಲ ಪೇಟೆಂಟ್ ಕಚೇರಿಗಳಿಗೆ ಮಾತ್ರ ತೆರೆದಿತ್ತು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಅದನ್ನು ಇತರರಿಗೂ ತೆರೆಯಲು ಒಪ್ಪಿತು. ಸಾರ್ವಜನಿಕರ ಹಣದಿಂದ, ಎಲ್ಲರ ಪೂರ್ವಿಕರ ಗ್ರಂಥಗಳಿಂದ ಕಟ್ಟಿದ ಭಂಡಾರ ಸಂಶೋಧಕರಿಗೆ ಇನ್ನೂ ಬೇಗ ತೆರೆಯಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಕದಿಯುವವರ ಭಯದಿಂದ ಓದುವವರನ್ನೂ ಹೊರಗಿಟ್ಟಂತಾಯಿತು. 2021ರ ಜನವರಿಯಲ್ಲಿ ನಿಸ್ಟಾಡ್ಸ್ ಮತ್ತು ವಿಜ್ಞಾನ ಸಂವಹನದ ಸಂಸ್ಥೆ ನಿಸ್ಕೇರ್ ಎರಡೂ ಕೂಡಿ ಒಂದೇ ಸಂಸ್ಥೆಯಾದವು. ಈ ಗ್ರಂಥಾಲಯದ ಆರಂಭದ ಕೆಲಸ ನಡೆದದ್ದು ನಿಸ್ಕೇರ್‌ನಲ್ಲೇ. ರಹಮಾನರ ಕಾಲದ ಇತಿಹಾಸಪ್ರಜ್ಞೆ ಈ ಕೂಡಿಕೆಯಲ್ಲಿ ಕರಗಿಹೋಗದಿರಲಿ.

ಕೊನೆಯದಾಗಿ ನಮ್ಮದೇ ಭಾಷೆಯ ಮಾತು. ಈ ಗ್ರಂಥಾಲಯದ ಆಕರಭಾಷೆಗಳೆಂದು ಸಾಮಾನ್ಯವಾಗಿ ಹೆಸರಿಸುವುದು ಸಂಸ್ಕೃತ, ಅರಬ್ಬಿ, ಪಾರ್ಸಿ, ಉರ್ದು, ತಮಿಳುಗಳನ್ನು. ಸಿದ್ಧ ವೈದ್ಯ ತಮಿಳಿನಲ್ಲಿರುವುದರಿಂದ ತಮಿಳು ಸೇರಿತು. ಆ ಸಾಲಿನಲ್ಲಿ ಕನ್ನಡದ ಹೆಸರು ಕೇಳಿಬರುವುದಿಲ್ಲ. ನಮ್ಮಲ್ಲಿ ಗ್ರಂಥಗಳಿಲ್ಲವೇ? 11ನೇ ಶತಮಾನದ ಎರಡನೇ ಚಾವುಂಡರಾಯನ ಲೋಕೋಪಕಾರದಲ್ಲಿ ಜ್ಯೋತಿಷ, ವಾಸ್ತು, ನೆಲದೊಳಗಿನ ನೀರು ಗುರುತಿಸುವ ಕ್ರಮ, ವೃಕ್ಷಾಯುರ್ವೇದ, ಸುಗಂಧ ದ್ರವ್ಯ, ಪಾಕ, ಮನುಷ್ಯರಿಗೂ ಪಶುಗಳಿಗೂ ಮದ್ದು ಎಲ್ಲ ಇವೆ. 12ನೇ ಶತಮಾನದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಗೋವೈದ್ಯ ಬರೆದ. 14ನೇ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ವಿಷವೈದ್ಯದ ದೊಡ್ಡ ಗ್ರಂಥ. ಇವುಗಳಲ್ಲಿ ಕೆಲವು ಅಚ್ಚಾಗಿ ದಶಕಗಳೇ ಕಳೆದಿವೆ. ಓಲೆಗರಿಯಲ್ಲೇ ಉಳಿದವು ಬೇರೆ ಇವೆ.

ಇವನ್ನು ಸಾಕ್ಷಿಗೆ ನಿಲ್ಲುವಂತೆ ಸಿದ್ಧಪಡಿಸುವುದು ಹಳಗನ್ನಡ ಬಲ್ಲ ಒಬ್ಬರು, ಆಯುರ್ವೇದ ಓದಿದ ಒಬ್ಬರು, ಗಿಡಗಳನ್ನು ಗುರುತಿಸಬಲ್ಲ ಸಸ್ಯವಿಜ್ಞಾನಿ ಒಬ್ಬರು ಕೂಡಿ ಮಾಡುವ ಕೆಲಸ. ಮಂಗರಾಜ ಹೇಳುವ ಗಿಡ ಯಾವುದು, ಈಗಿನ ಊರುಗಳಲ್ಲಿ ಅದಕ್ಕೆ ಏನೆನ್ನುತ್ತಾರೆ, ಸಸ್ಯಶಾಸ್ತ್ರದಲ್ಲಿ ಅದರ ಹೆಸರೇನು, ಪಾಠಾಂತರದಲ್ಲಿ ಪ್ರಮಾಣ ಬದಲಾಗುತ್ತದೆಯೇ ಎಂದು ಪದ್ಯ ಪದ್ಯವನ್ನೂ ನೋಡಬೇಕು. ದೆಹಲಿಯ ಕನ್ನಡಿಗರಲ್ಲಿ ಈ ಮೂರೂ ಬಗೆಯವರು ಇದ್ದಾರೆ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಕನ್ನಡ ಪೀಠವಿದೆ, ಪೂಸಾದಲ್ಲಿ ಸಸ್ಯವಿಜ್ಞಾನಿಗಳಿದ್ದಾರೆ, ಪೇಟೆಂಟ್ ಕಾನೂನು ಬಲ್ಲ ವಕೀಲರಿಗೂ ಕೊರತೆಯಿಲ್ಲ. ಮೊದಲ ಕಂತಿಗೆ ಖಗೇಂದ್ರಮಣಿದರ್ಪಣದ ಒಂದು ಅಧಿಕಾರ, ಅಂದರೆ ಒಂದು ಅಧ್ಯಾಯ, ಸಾಕು. ಅದರ ಯೋಗಗಳನ್ನು ಗ್ರಂಥಾಲಯದ ನಮೂನೆಯಲ್ಲಿ ತುಂಬಿ, ಮೂಲಪಾಠವನ್ನು ಜೊತೆಗಿಟ್ಟು ಸಿಎಸ್‌ಐಆರ್‌ಗೆ ಒಪ್ಪಿಸುವ ಭಾರವನ್ನು ನಮ್ಮ ದೆಹಲಿ ಕನ್ನಡ ಸಂಘಟನೆಗಳಲ್ಲೊಂದು ವಹಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.